ಮತ್ತಿಮರಕ್ಕೂ ಪಂಪಿನ ಮನೆಗೂ ನಡುವೆ

|| ಶ್ರೀ ವೀತರಾಗಾಯ ನಮಃ ||

ಖಾನಾಪುರ
೪ ನವೆಂಬರ್ ೨೦೨೪

ಚಿ. ಸೌ. ಪೂನಮ್‌ಗೆ ಅತ್ತೆ ತಾರಾಬಾಯಿಯ ಆಶೀರ್ವಾದಗಳು.

ಫೋನಿನಲ್ಲಿ ಮಾತಾಡಿದರೆ ನೀನು ಅಳುತ್ತೀ, ನಿನ್ನ ಅಳು ಕೇಳಿ ನನಗೆ ಸಿಟ್ಟು ಬರುತ್ತದೆ, ಕೊನೆಗೆ ಇಬ್ಬರೂ ರೇಂಜು ಹೋಯಿತೆಂದು ಸುಳ್ಳು ಹೇಳಿ ಇಟ್ಟುಬಿಡುತ್ತೇವೆ. ಅದಕ್ಕೇ ಈ ಪತ್ರ. ಬಸ್ಸಿಗೆ ಒಂದು ತಾಸಿನ ದಾರಿಯನ್ನು ನಮ್ಮ ಟಪಾಲು ಮೂರು ದಿನ ಮಾಡುತ್ತದೆ. ಮಾಡಲಿ ಬಿಡು. ನಡುವೆ ಮೂರು ದಿನ ಇರುವುದು ನಮ್ಮಿಬ್ಬರಿಗೂ ಒಳ್ಳೆಯದೇ.

ದೀಪಾವಳಿಗೆ ಬಂದೀಯೆಂದು ಬಸದಿಯಲ್ಲಿ ಕೊಟ್ಟ ಒಂದು ನಿರ್ವಾಣ ಲಾಡು ತೆಗೆದಿಟ್ಟಿದ್ದೆ. ಇರುವೆಗಳು ತಿಂದವು. ಅವುಗಳ ಪುಣ್ಯ.

ನೀನು ಕಳಿಸಿದ ನಕ್ಷೆ ಬಂತು. ಪಕ್ಕದ ಮನೆಯ ರೇಣವ್ವನಿಗೆ ಅದನ್ನು ತೋರಿಸಿ ಒಂದು ಪಾಠವನ್ನೇ ಮಾಡಿದೆ. ನಿವೃತ್ತಿಯಾದ ಮಾತ್ರಕ್ಕೆ ಮಾಸ್ತರಿಕೆ ಬಿಡುವುದುಂಟೇ? ಮಳೆಗಾಲದ ಮುಂಚೆ ನೀಲಿ ಹುಲಿ ಎಂಬ ಪಾತರಗಿತ್ತಿಗಳು ಘಟ್ಟ ಬಿಟ್ಟು ಮೂಡಲ ಬಯಲಿಗೆ ಹೋಗುತ್ತವೆ. ಮಳೆ ಮುಗಿದ ಮೇಲೆ ಅವುಗಳ ಮಕ್ಕಳೋ ಮೊಮ್ಮಕ್ಕಳೋ ಘಟ್ಟಕ್ಕೆ ತಿರುಗಿ ಬರುತ್ತವೆ. ಊರೂರಲ್ಲಿ ಜನ ನಿಂತು ಎಣಿಸಿ ಪಾತರಗಿತ್ತಿ ಬಳಗಕ್ಕೆ ತಿಳಿಸುತ್ತಾರೆ. ಒಬ್ಬೊಬ್ಬರು ನಿಲ್ಲುವ ಜಾಗಕ್ಕೆ ನಕ್ಷೆಯಲ್ಲಿ ಒಂದೊಂದು ಚುಕ್ಕಿ. ಮಲಪ್ರಭೆಯ ದಂಡೆಯ ಈ ಚುಕ್ಕಿ ನನ್ನ ಮಗನದು, ಬಾಜೂಕ್ಕೆ ಅವನ ಹೆಸರೇ ಇದೆ ನೋಡು ಎಂದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಅಲ್ರೀ ಅಕ್ಕಾರ, ಅರಿಹಂತ ಹೊಳಿ ಪಾಲಾಗಿ ಎರಡು ವರ್ಷ ಆತು. ಇನ್ನೂ ಹೆಸರು ಇಟ್ಟಾರಲ್ಲ!" ಎಂದಳು.

"ಅಂವ ಸಿಕ್ಕಾನೇನು? ಯಾರರೆ ಕಣ್ಣಿಂದ ನೋಡ್ಯಾರೇನು?" ಎಂದೆ. ಅವಳು ಕೊತ್ತಂಬರಿ ಸೋಸತೊಡಗಿದಳು.

ದಂಡೆಗೆ ಕಲ್ಲು ಕಟ್ಟುವ ಕೆಲಸ ಮುಗಿದಿದೆ. ಆ ಜುಲೈನ ಪ್ರವಾಹದ ಮೇಲೆ ಎಲ್ಲರಿಗೂ ಎಚ್ಚರ ಬಂದಿದೆ. ಜೆಸಿಬಿ ಬಂದು ಗಿಲಕಿ ಗಿಡಗಳನ್ನೆಲ್ಲ ಕೆರೆದುಕೊಂಡು ಹೋಯಿತು. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಗಿಲ ಎನ್ನುವ ಆ ಗಿಡ ಬಿಟ್ಟು ಬೇರೆ ಕಡೆ ಪಾತರಗಿತ್ತಿಗಳು ಕೂಡಲಿಕ್ಕೇ ಒಲ್ಲವು, ನಿನಗೆ ನೆನಪಿರಬೇಕು. ಇರಲಿ. ನಕ್ಷೆಯಲ್ಲಿ ಖಾನಾಪುರ ಹಸಿರಾಗಿಯೇ ಇದೆ. ಹಸಿರೆಂದರೆ ದಾಟುತ್ತಿವೆ ಎಂದು ಕೆಳಗೆ ಅಚ್ಚು ಹಾಕಿದ್ದೀರಿ. ಅಷ್ಟು ಸಾಕು. ಎಣಿಕೆಯ ಅಂಕಿ ಇನ್ನೊಮ್ಮೆ ಬರೆಯುತ್ತೇನೆ.

ನಿನ್ನ ಅತ್ತೆ
ತಾರಾಬಾಯಿ

---

ಬೆಳಗಾವಿ
೨೫ ನವೆಂಬರ್ ೨೦೨೪

ಪೂಜ್ಯ ಅತ್ತೆಯವರಿಗೆ ಪೂನಮ್ ಮಾಡುವ ಜೈ ಜಿನೇಂದ್ರ.

ದೀಪಾವಳಿಯ ದಿನ ಬಸ್‌ಸ್ಟ್ಯಾಂಡಿನವರೆಗೆ ಬಂದಿದ್ದೆ. ಖಾನಾಪುರದ ಬಸ್ಸು ಹತ್ತಿ, ಕಿಟಕಿಯ ಬದಿಗೆ ಸೀಟು ಹಿಡಿದು, ಕಂಡಕ್ಟರ್ ಬರುವ ಮೊದಲು ಇಳಿದುಬಿಟ್ಟೆ. ನಿಮ್ಮ ಮೇಲಿನ ಸಿಟ್ಟಿನಿಂದಲ್ಲ. ಆ ಊರಿನಲ್ಲಿ ಎಲ್ಲಿ ನಿಂತರೂ ನನಗೆ ಹೊಳೆಯ ಸದ್ದೇ ಕೇಳುತ್ತದೆ.

ಇಲ್ಲಿ ಖಾಸಬಾಗದ ಅಣ್ಣನ ಮನೆಯಲ್ಲಿ ಎಲ್ಲ ಸರಿ ಇದೆ. ಹಗಲೆಲ್ಲ ಕ್ಯಾಂಪ್ ಭಾಗದ ಸರ್ವೇ ಆಫೀಸಿನಲ್ಲಿ ಜನರ ಪ್ಲಾಟಿನ ಗಡಿ ಬಿಡಿಸುತ್ತೇನೆ. ಸಂಜೆ ಬಳಗದ ನಕ್ಷೆಗೆ ಕೂಡುತ್ತೇನೆ. ನಿಮ್ಮ ಮಗ ಕಲಿಸಿಹೋದ ಕೆಲಸ, ಬಿಡಲು ಮನಸ್ಸಾಗುವುದಿಲ್ಲ.

ಒಂದು ಮಾತು ಕೇಳಿಕೊಳ್ಳಬೇಕು. ಲಕೋಟೆಯ ಮೇಲೆ ನನ್ನ ಹೆಸರಿನ ಹಿಂದೆ 'ಸೌ.' ಬರೆಯಬೇಡಿ. ಪತ್ರ ಆಫೀಸಿನ ವಿಳಾಸಕ್ಕೆ ಬರುತ್ತದೆ. ಗಂಡ ಬದುಕಿರುವವಳಿಗೆ ಬರೆಯುವ ಅಕ್ಷರ ಅದು, ನನ್ನ ವಿಷಯ ಇಲ್ಲಿ ಎಲ್ಲರಿಗೂ ಗೊತ್ತು. ಯಾರೂ ನಗುವುದಿಲ್ಲ. ಆದರೆ ಟಪಾಲು ಕೈಗೆ ಕೊಡುವಾಗ ಎಲ್ಲರೂ ಬೇರೆ ಕಡೆ ನೋಡುತ್ತಾರೆ. ಅದಕ್ಕಿಂತ ನಕ್ಕಿದ್ದರೇ ಒಳ್ಳೆಯದಿತ್ತು.

ಕಳೆದ ವರ್ಷದ ಮೇ ತಿಂಗಳಾದ ಮೇಲೆ ನಿಮ್ಮಿಂದ ಅಂಕಿ ಬಂದಿಲ್ಲ. ನಾನು ಒತ್ತಾಯ ಮಾಡುವುದಿಲ್ಲ. ಆ ನೀರಿನ ಮುಂದೆ ಹೋಗಿ ನಿಲ್ಲಿರಿ ಎಂದು ನಿಮಗೆ ಯಾವ ಬಾಯಿಂದ ಹೇಳಲಿ? ಎಂದಾದರೂ ಮನಸ್ಸಾದರೆ ಹೋಗಿ, ಕಂಡದ್ದನ್ನು ಬರೆಯಿರಿ. ಅಷ್ಟೇ.

ನಿಮ್ಮ
ಪೂನಮ್

---

ಖಾನಾಪುರ
೧೫ ಜನವರಿ ೨೦೨೫

ಚಿ. ಸೌ. ಪೂನಮ್‌ಗೆ ಆಶೀರ್ವಾದಗಳು.

ಸಂಕ್ರಮಣದ ಕುಸರೆಳ್ಳು ಇಟ್ಟಿದ್ದೇನೆ. ಟಪಾಲಿನವರ ಠಸ್ಸೆಗೆ ಪುಡಿಯಾಗಿದ್ದರೆ ಪುಡಿಯನ್ನೇ ತಿನ್ನು.

ನನ್ನ ಸೊಸೆಗೆ ಏನು ಬರೆಯಬೇಕೆಂದು ನಿನ್ನ ಆಫೀಸಿನವರು ನನಗೆ ಕಲಿಸುವುದು ಬೇಡ. ಬೇರೆ ಕಡೆ ನೋಡುವವರು ನೋಡಲಿ, ಅವರ ಕುತ್ತಿಗೆ ನೋಯುತ್ತದೆ, ನನ್ನದೇನು ಹೋಗುತ್ತದೆ. ನಿನ್ನ ಮಾವ ಪದ್ಮಾಕರರು ತೀರಿಕೊಂಡಾಗ ಅರಿಹಂತ ಇನ್ನೂ ಸಣ್ಣವ. ಸೂತಕ ಕಳೆಯುವ ಮೊದಲೇ ತವರಿನಿಂದ ಪತ್ರ ಬಂತು. ನನ್ನ ಹೆಸರಿನ ಹಿಂದಿನ ಆ ಒಂದಕ್ಷರ ಮಾಯವಾಗಿತ್ತು. ಬರೆದವನು ನನ್ನ ಬೆನ್ನಿಗೆ ಬಿದ್ದ ತಮ್ಮ. ಹೆಣ ಎತ್ತಿದಾಗ ಹಲ್ಲು ಕಚ್ಚಿ ಕೂತವಳು ಆ ಪತ್ರ ಹಿಡಿದು ಬಾಯಿಬಿಟ್ಟು ಅತ್ತೆ. ಆ ಕೆಲಸವನ್ನು ನಿನಗೆ ನಾನು ಮಾಡುವವಳಲ್ಲ.

ನಿನ್ನೆ ರೇಣವ್ವನ ಸೊಸೆ ಬಂದು ಅಕ್ಕಿ ಕಡ ಕೇಳಿದಳು. ಈಗಿನ ಹುಡುಗಿ, ನಮ್ಮಲ್ಲಿ ಆಡಬಾರದ ಮಾತು ಆಡಿದಳು. "ಅಕ್ಕಿ ಹೆಚ್ಚಾಗ್ಯಾವ ಅನಬೇಕವಾ" ಎಂದು ಬೈದೇ ಡಬ್ಬಿ ತುಂಬಿ ಕೊಟ್ಟೆ. ಮುಗಿದದ್ದನ್ನು ಹೆಚ್ಚಾಗಿದೆ ಎನ್ನುತ್ತ ಬಂದವರು ನಾವು. ಆ ಇನ್ನೊಂದು ಎರಡಕ್ಷರದ ಮಾತು ಆಡಿದರೆ ಹೋದದ್ದು ಮನೆಗೆ ತಿರುಗಿ ಬರಲಾರದು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಶಾಲೆಯ ಹಾಜರಿಯಲ್ಲಿ ಕೂಡ ನಾನು ಅದನ್ನು ಬರೆದವಳಲ್ಲ. ಬಾರದ ಹುಡುಗನ ಮುಂದೆ ಜಾಗ ಖಾಲಿ ಬಿಡುತ್ತಿದ್ದೆ, ಸಂಜೆಯೊಳಗೆ ಬಂದಾನು ಎಂದು. ಸಾಹೇಬರು ತಪಾಸಣೆಗೆ ಬಂದಾಗಲೆಲ್ಲ ಬೈಸಿಕೊಂಡೆ. ಬುದ್ಧಿ ಮಾತ್ರ ಬದಲಾಗದೆ ಉಳಿಯಿತು.

ಆ ಮೇ ತಿಂಗಳನ್ನು ನೆನೆಸಿದ್ದೀ. ಆಗ ನೀನಿನ್ನೂ ಇದೇ ಮನೆಯಲ್ಲಿದ್ದೆ. ಅರಿಹಂತನ ಜಾಗದಲ್ಲಿ ನಾವಿಬ್ಬರೂ ನಿಂತಿದ್ದೆವು. ಮತ್ತಿಮರಕ್ಕೂ ಹಳೆಯ ಪಂಪಿನ ಮನೆಗೂ ನಡುವೆ ಗೆರೆ ಎಳೆದಂತೆ ತಿಳಿದುಕೊಂಡು, ಕಾಲು ತಾಸಿನಲ್ಲಿ ಅದನ್ನು ದಾಟಿದವನ್ನು ಎಣಿಸಬೇಕು. ನೀನು ಎಣಿಸುತ್ತಿದ್ದೆ, ನಾನು ಬರೆಯುತ್ತಿದ್ದೆ. ಗಿಲಕಿ ಗಿಡದ ಟೊಂಗೆ ಬಾಗುವಷ್ಟು ಕೂತಿದ್ದವು. ನೀನು ಎಣಿಕೆ ತಪ್ಪಿ ನಕ್ಕೆ. ಅವನು ಹೋದ ಮೇಲೆ ಮೊದಲ ಸಲ ನಕ್ಕಿದ್ದು. ಮರುತಿಂಗಳು ನೀನು ಅಣ್ಣನ ಮನೆಗೆ ಹೊರಟೆ.

ಅಂಕಿ ಮುಂದಿನ ಹಂಗಾಮಿಗೆ ಬರೆಯುತ್ತೇನೆ. ನಕ್ಷೆ ಇನ್ನೂ ಹಸಿರಿದೆಯಲ್ಲ?

ನಿನ್ನ ಅತ್ತೆ
ತಾರಾಬಾಯಿ

---

ಬೆಳಗಾವಿ
೨ ಜೂನ್ ೨೦೨೫

ಪೂಜ್ಯ ಅತ್ತೆಯವರಿಗೆ ಪೂನಮ್ ಮಾಡುವ ಜೈ ಜಿನೇಂದ್ರ.

ಬಹಳ ದಿನ ಬರೆಯಲಿಲ್ಲ, ತಪ್ಪಾಯಿತು. ಕುಸರೆಳ್ಳು ಪುಡಿಯಾಗಿರಲಿಲ್ಲ. ನಕ್ಷೆ ಹಸಿರಿದೆ.

ಈ ಸಲದ ಹಂಗಾಮೂ ಮುಗಿಯುತ್ತ ಬಂತು. ಬಳಗವನ್ನು ನಡೆಸುವ ಹೃಷೀಕೇಶ ಸರ್ ನಿನ್ನೆ ಕೇಳಿದರು, "ಖಾನಾಪುರದ್ದು ಏನೂ ಬರವಲ್ದಲ್ಲ ಪೂನಮ್, ಅಲ್ಲಿ ಯಾರರೆ ನಿಂದರ್ತಾರೋ ಹೆಂಗ?" ಎಂದು. ಅತ್ತೆಯವರ ಮೊಣಕಾಲು ಹಿಡಿದಿದೆ ಎಂದು ಸುಳ್ಳು ಹೇಳಿದೆ. ನಿಮ್ಮಿಂದ ಆ ದಂಡೆಗೆ ಹೋಗಲಾಗುತ್ತಿಲ್ಲ ಎಂದು ನನಗೆ ಅರ್ಥವಾಗುತ್ತದೆ. ಒಂದೇ ದಿನ, ಒಂದೇ ಸಲ ಸಾಕು ಅತ್ತಿ. ಕಂಡದ್ದನ್ನು ಬರೆಯಿರಿ. ಚುಕ್ಕಿ ಜೀವಂತ ಇರುತ್ತದೆ.

ಇನ್ನೊಂದು ಸಂಗತಿ. ಅಣ್ಣ ನಿಪ್ಪಾಣಿಯಿಂದ ಒಬ್ಬರನ್ನು ಕರೆಸಿದ್ದ. ಹೈಸ್ಕೂಲ್ ಮಾಸ್ತರರು, ಹೆಂಡತಿ ಕಾಯಿಲೆಯಲ್ಲಿ ತೀರಿದ್ದಾರೆ. ಮಾತು ಕಡಿಮೆ. ಚಹಾ ಕುಡಿದು, ಕಪ್ಪನ್ನು ತಾವೇ ಒಳಗೆ ಒಯ್ದು ಇಟ್ಟರು. ಹೊರಡುವಾಗ "ನಿಮಗ ಅವಸರ ಇಲ್ರಿ, ವಿಚಾರ ಮಾಡಿ ಹೇಳ್ರಿ" ಎಂದರು. ನನಗೆ ಅವರು ಬೇಡವೆನಿಸಲಿಲ್ಲ. ಹೇಳುತ್ತಿದ್ದೇನೆ, ಮುಚ್ಚಿಡುವುದಿಲ್ಲ.

ಆದರೆ ನೀವು ಮಗ ಬರುತ್ತಾನೆಂದು ಬಾಗಿಲು ತೆರೆದು ಕೂತಿರುವಾಗ ನಾನು ಹೇಗೆ ಹೌದೆನ್ನಲಿ? ನಿಮ್ಮದೊಂದು ಮಾತು ಬೇಕು ನನಗೆ. ಬೈದರೂ ಸರಿ. ಬರೆಯಿರಿ.

ನಿಮ್ಮ
ಪೂನಮ್

---

ಖಾನಾಪುರ
೨೪ ಜೂನ್ ೨೦೨೫

ಚಿ. ಸೌ. ಪೂನಮ್‌ಗೆ ಆಶೀರ್ವಾದಗಳು.

ಮೊಣಕಾಲು ಹಿಡಿದಿದೆ ಎಂದೆಯಂತೆ. ನನ್ನ ಮೊಣಕಾಲು ನಿನ್ನದಕ್ಕಿಂತ ಗಟ್ಟಿ ಇವೆ. ಸುಳ್ಳು ಹೇಳುವುದಾದರೆ ಹಲ್ಲುನೋವು ಅನ್ನು, ಯಾರೂ ತೆಗೆದು ತೋರಿಸು ಎನ್ನಲಾರರು.

ಕಂಡದ್ದನ್ನು ಬರೆಯಿರಿ ಎಂದಿದ್ದೀ. ಕಂಡ ದಿನ ಬರೆಯುತ್ತೇನೆ. ಶಾಲೆ ಕಲಿಸಿದವಳು ನಾನು, ಹೇಳಿದ್ದನ್ನು ಹೇಳಿದಂತೆ ಮಾಡುವವಳು. ಅವನ ಚುಕ್ಕಿ ಮಾತ್ರ ಜೋಪಾನ. ಊರಿನವರ ಬಾಯಲ್ಲಿ ಅವನ ಹೆಸರು ನಿಂತು ಬಹಳ ದಿನವಾಯಿತು. ಅದು ಉಳಿದಿರುವುದು ನಿನ್ನ ನಕ್ಷೆಯಲ್ಲಿ ಮಾತ್ರ.

ಛತ್ರಿ ಒಯ್ಯುತ್ತೀಯೋ ಹಾಗೇ ತೊಯ್ಯುತ್ತೀಯೋ? ಕ್ಯಾಂಪಿನ ದಾರಿಯಲ್ಲಿ ಮರದ ಕೆಳಗೆ ನಿಲ್ಲಬೇಡ, ಟೊಂಗೆ ಬೀಳುತ್ತವೆ.

ನಿನ್ನ ಪತ್ರದ ಇನ್ನೊಂದು ಸಂಗತಿ ಓದಿದೆ. ಇಲ್ಲಿ ಮಳೆ ಜೋರಾಗಿದೆ.

ನಿನ್ನ ಅತ್ತೆ
ತಾರಾಬಾಯಿ

---

ಬೆಳಗಾವಿ
೧೪ ಅಕ್ಟೋಬರ್ ೨೦೨೫

ಪೂಜ್ಯ ಅತ್ತೆಯವರಿಗೆ ಪೂನಮ್ ಮಾಡುವ ನಮಸ್ಕಾರಗಳು.

ಹೇಗೆ ಬರೆಯಬೇಕೆಂದು ತಿಳಿಯುತ್ತಿಲ್ಲ, ನೇರವಾಗಿ ಬರೆದುಬಿಡುತ್ತೇನೆ. ಅರಿಹಂತರ ಚುಕ್ಕಿ ನಕ್ಷೆಯಲ್ಲಿ ಈಗ ಇಲ್ಲ.

ಎರಡು ವರ್ಷ ಒಂದೂ ಅಂಕಿ ಬಾರದ ಜಾಗವನ್ನು ತೆಗೆಯಬೇಕೆಂದು ಬಳಗದ ಸಭೆಯಲ್ಲಿ ತೀರ್ಮಾನವಾಯಿತು. ಅಂಕಿ ಬಾರದಿದ್ದರೆ ಅಲ್ಲಿ ಈಗ ಯಾರೂ ನಿಲ್ಲುವುದಿಲ್ಲ ಎಂದು ಅರ್ಥ. ತೆಗೆಯುವ ಕೆಲಸ ನಕ್ಷೆ ಮಾಡುವವಳದು, ಅಂದರೆ ನನ್ನದು. ಅಳಿಸಿದ್ದು ನನ್ನ ಕೈಯೇ. ಅಳಿಸುವಾಗ ನಾನು ಅಂದುಕೊಂಡೆ, ಹೋಗಲಿ, ಅಲ್ಲಿ ನಿಲ್ಲುವವರು ಯಾರೂ ಇಲ್ಲ, ಅತ್ತೆಗೆ ಆ ಹೊಳೆಯ ಕಾಟ ಇನ್ನಾದರೂ ತಪ್ಪಲಿ ಎಂದು.

ಮೊನ್ನೆ ರವಿವಾರ ಖಾಸಬಾಗದ ಬಾಜಾರಿನಲ್ಲಿ ರೇಣವ್ವ ಸಿಕ್ಕಳು. ಮಗಳ ಮನೆಗೆ ಬಂದಿದ್ದಳಂತೆ. ಅತ್ತೆ ಹೇಗಿದ್ದಾರೆ ಎಂದು ಕೇಳಿದೆ.

"ಹೆಂಗಿರ್ತಾರವಾ, ಅದ ಹೊಳಿ, ಅದ ದಂಡಿ. ದಿನಾ ಮುಂಜಾನಿ ಹೋಗಿ ನಿಂದರ್ತಾರ. ಮಳಿ ಇರಲಿ ಬಿಸಲ ಇರಲಿ."

"ದಿನಾನೂ ಹೋಗ್ತಾರ?"

"ನೀ ಹೋದಾಗಿಂದ ಒಂದ ದಿನಾ ತಪ್ಪಿಲ್ಲ. ನಾ ಅಂದ್ಯಾ, ಅಕ್ಕಾರ, ಈಗೇನ ಅಲ್ಲಿ ಬರೇ ಕಲ್ಲ ಐತಿ, ಒಂದ ಪಾತರಗಿತ್ತಿ ಸೈತ ಹಾಯಂಗಿಲ್ಲ, ಏನ ನೋಡ್ತೀರಿ ಅಂತ. 'ನೀ ಸುಮ್ಮನ ಇರವಾ' ಅಂದ್ರು. ನಿನಗ ಗೊತ್ತಿಲ್ಲೇನ?"

ನನಗೆ ಗೊತ್ತಿರಲಿಲ್ಲ. ಕಾಯಿಪಲ್ಲೆಯ ಚೀಲ ಅಲ್ಲೇ ಬಿಟ್ಟು ಹೃಷೀಕೇಶ ಸರ್ ಮನೆಗೆ ಓಡಿದೆ. ಅತ್ತೆ ದಿನಾ ನಿಂತಿದ್ದರು ಸರ್, ಕಾಣದ್ದಕ್ಕೆ ಬರೆಯಲಿಲ್ಲ, ಅಷ್ಟೇ ಎಂದೆ. ಅವರು, "ಸೊನ್ನಿ ಅಂತ ಬರದ ಕಳಸಿದ್ರ ಸಾಕಿತ್ತಲ್ಲವಾ. ಸೊನ್ನೀನೂ ಅಂಕೀನ. ಬರೂದು ನಿಂತಾವ ಅಂತ ತಿಳಿಯೂದು ಆ ಸೊನ್ನಿಯಿಂದನ. ಉಳಿದವರಕಿಂತ ಅವರ ಅಂಕಿನ ನಮಗ ಬೇಕಾಗಿತ್ತು. ಈಗ ನೆನಪಿಂದ ಬರದ್ರ ತಗೊಳ್ಳಾಕ ಬರಂಗಿಲ್ಲ" ಎಂದರು. ಹೊಸ ಚುಕ್ಕಿ ಇಡಬಹುದಂತೆ, ನಿಂತವರ ಹೆಸರಿನಲ್ಲಿ. ಅಂದರೆ ನಿಮ್ಮ ಹೆಸರಿನಲ್ಲಿ. ಅರಿಹಂತರ ಹೆಸರಿನಲ್ಲಿ ಸಾಧ್ಯವಿಲ್ಲ.

ಕಂಡದ್ದನ್ನು ಬರೆಯಿರಿ ಎಂದು ಮತ್ತೆ ಮತ್ತೆ ಬರೆದವಳು ನಾನು. ಕಾಣದ್ದನ್ನೂ ಬರೆಯಿರಿ ಎಂದು ಒಂದು ಸಾಲು ಬರೆಯಬೇಕಿತ್ತು. ಹಾಜರಿಯ ಮಾತು ನೀವೇ ಬರೆದಿದ್ದಿರಿ. ಅದನ್ನು ಓದಿ ನಕ್ಕು, ಮಡಚಿಟ್ಟಿದ್ದೆ.

ಆ ಹಸಿರಿನದೂ ಹೇಳಿಬಿಡುತ್ತೇನೆ. ಯಾರೂ ಅಂಕಿ ಕೊಡದ ಜಾಗಕ್ಕೆ ಕಂಪ್ಯೂಟರ್ ಅಕ್ಕಪಕ್ಕದ ಊರು ನೋಡಿ ತಾನೇ ಬಣ್ಣ ತುಂಬುತ್ತದೆ. ಜಾಂಬೋಟಿಯಲ್ಲಿ ಬಂದಿದ್ದವು, ಅದಕ್ಕೆ ಖಾನಾಪುರವೂ ಹಸಿರಾಯಿತು. ಗೊತ್ತಿದ್ದೂ ನಿಮಗೆ ಕಳಿಸಿದೆ, ಸಮಾಧಾನವಾಗಲಿ ಎಂದು.

ನಿಪ್ಪಾಣಿಯವರಿಗೆ ಕೊಲ್ಲಾಪುರದ ಕಡೆ ನಿಶ್ಚಯವಾಯಿತು. ಉತ್ತರಕ್ಕೆ ದಸರೆಯವರೆಗೆ ಕಾದರಂತೆ. ಅಣ್ಣ ನನ್ನೊಡನೆ ಮಾತು ಬಿಟ್ಟಿದ್ದಾನೆ. ನಿಮ್ಮನ್ನು ದೂರುತ್ತಿಲ್ಲ. ಅವರಿಗೆ ನಾನೂ ಏನೂ ಹೇಳಲಿಲ್ಲ.

ಇನ್ನು ನನಗೆ ಕೇಳಲು ಏನೂ ಉಳಿದಿಲ್ಲ ಅತ್ತಿ. ಖರೇ ಏನಿದೆಯೋ ಅದನ್ನು ಒಂದು ಸಲ ಬರೆಯಿರಿ.

ನಿಮ್ಮ
ಪೂನಮ್

---

ಖಾನಾಪುರ
೨೩ ನವೆಂಬರ್ ೨೦೨೫

ಚಿ. ಪೂನಮ್‌ಗೆ ತಾರಾಬಾಯಿಯ ಆಶೀರ್ವಾದಗಳು.

ಮೇಲಿನ ಸಾಲು ಓದಿ ಗಾಬರಿಯಾಗಬೇಡ. ಒಂದಕ್ಷರ ಬಿಟ್ಟದ್ದು ಮರೆವಿನಿಂದಲ್ಲ. ನನ್ನ ತಮ್ಮ ಅಂದು ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದನೋ, ಇಷ್ಟು ವರ್ಷ ಅವನನ್ನು ಬೈದುಕೊಂಡೇ ಇದ್ದೆ. ಇಂದು ಬೈಯುವುದು ಬಿಟ್ಟೆ.

ರೇಣವ್ವ ಹೇಳಿದ್ದು ಖರೆ. ದಿನಾ ಹೋಗುತ್ತಿದ್ದೆ. ಹೋಗುತ್ತೇನೆಂದು ನಿನಗೆ ಬರೆದಿದ್ದರೆ 'ಬಂದವೇ' ಎಂದು ನೀನು ಮರುಪತ್ರದಲ್ಲಿ ಕೇಳುತ್ತಿದ್ದೆ. ಅದಕ್ಕೆ ಹೆದರಿ ಹೋಗುವುದನ್ನೇ ಮುಚ್ಚಿಟ್ಟೆ. ಹಾಜರಿಯಂತೆ ಜಾಗ ಖಾಲಿ ಬಿಟ್ಟೆ, ಸಂಜೆಯೊಳಗೆ ಬಂದಾವು ಎಂದು. ಖಾಲಿ ಬಿಟ್ಟರೆ ನಿಂತವಳನ್ನೂ ಸೇರಿಸಿ ಅಳಿಸುತ್ತಾರೆಂದು ನನಗೇನು ಗೊತ್ತು. ಪಾತರಗಿತ್ತಿಗಾಗಿಯೇ ನಿಂತಿದ್ದೆ ಎಂದರೆ ಅದೂ ಅರ್ಧ ಸುಳ್ಳು. ಕಾಲು ತಾಸು ಆಕಾಶ ನೋಡಿ, ಆಮೇಲೆ ಮಧ್ಯಾಹ್ನದವರೆಗೆ ನೀರು ನೋಡುತ್ತಿದ್ದೆ.

ಹಸಿರಿನ ಮಾತು ಓದಿ ನಿನ್ನ ಮೇಲೆ ಕೆಂಡದಂಥ ಸಿಟ್ಟು ಬಂತು. ಆ ನಕ್ಷೆಯನ್ನು ದೇವರ ಕೋಣೆಯ ಗೋಡೆಗೆ ಅಂಟಿಸಿದ್ದೆ. ನನ್ನ ಕಣ್ಣಿಗೆ ಮಂಜು ಬಂದಿರಬೇಕು, ಅವು ಎಲ್ಲೋ ಮೇಲಿನಿಂದ ದಾಟುತ್ತಿರಬೇಕು, ಹಾಗೆಯೇ ಅವನೂ ಎಲ್ಲೋ ಇರಬೇಕು ಎಂದು ದಿನಾ ಅದರ ಮುಂದೆ ಕೈ ಮುಗಿದು ಹೊರಡುತ್ತಿದ್ದೆ. ಪಕ್ಕದ ಊರಿನ ಲೆಕ್ಕಕ್ಕೆ ಕೈ ಮುಗಿದಂತಾಯಿತು. ನಕ್ಷೆ ತೆಗೆದಿದ್ದೇನೆ. ಗೋಡೆಯ ಸುಣ್ಣವೂ ಕಿತ್ತು ಬಂತು.

ನನ್ನ ಹೆಸರಿನ ಚುಕ್ಕಿ ಬೇಡ. ನನ್ನನ್ನು ನಕ್ಷೆಯಲ್ಲಿ ಯಾರು ಹುಡುಕಬೇಕಾಗಿದೆ?

ನಿಪ್ಪಾಣಿಯ ಸಂಗತಿ ಓದಿದ ದಿನ ಮಳೆ ಜೋರಾಗಿದೆ ಎಂದು ಬರೆದಿದ್ದೆ. ಆ ದಿನ ಬಿಸಿಲಿತ್ತು. ಕಪ್ಪನ್ನು ತಾನೇ ಒಳಗೆ ಒಯ್ದಿಟ್ಟ ಮನುಷ್ಯ ಒಳ್ಳೆಯವನೇ ಇದ್ದಿರಬೇಕು. ನಾನು ಒಂದು ಮಾತು ಬರೆದಿದ್ದರೆ ನೀನು ಇಂದು ಅವನ ಮನೆಯಲ್ಲಿ ಇರುತ್ತಿದ್ದೆ. ಇದನ್ನು ಹೇಗೆ ತಿದ್ದುವುದೋ ನನಗೆ ತಿಳಿಯದು. ಇನ್ನೊಬ್ಬರು ಬಂದರೆ ನನ್ನನ್ನು ಕೇಳಬೇಡ, ಹೌದೆನ್ನು. ಯಾರೂ ಬಾರದೇ ಹೋದರೆ ಅದಕ್ಕೂ ನನ್ನನ್ನೇ ಬೈ.

ಬಸದಿಗೆ ಹೋಗಿ ಪಂಡಿತರಿಗೆ ಹೇಳಿ ಬಂದೆ. ಮಗನ ಹೆಸರಿನಲ್ಲಿ ಮಾಡಿಸಬೇಕಾದದ್ದನ್ನು ಮುಂದಿನ ವಾರ ಮಾಡಿಸುತ್ತೇನೆ. ನೀನು ಬರಬೇಕೆಂದೇನೂ ಅಲ್ಲ. ಬಸ್ಸು ಹತ್ತಿ ಇಳಿಯುವುದಾದರೆ ಹತ್ತಲೇಬೇಡ.

ಒಂದು ಸಲ ಬರೆಯಿರಿ ಎಂದಿದ್ದೀ. ಇಂದು ಬೆಳಿಗ್ಗೆ ಹೋಗಿದ್ದೆ, ನಿಯಮದಂತೆ ನಿಂತೆ. ಬಳಗದವರು ತೆಗೆದುಕೊಳ್ಳಲಾರರು, ಗೊತ್ತು. ನೀನು ಬರೆದುಕೊ.

ಖಾನಾಪುರ, ಹೊಳೆಯ ದಂಡೆ. ಮತ್ತಿಮರಕ್ಕೂ ಪಂಪಿನ ಮನೆಗೂ ನಡುವೆ. ಬಿಸಿಲು, ಮೂಡಣ ಗಾಳಿ. ನೀಲಿ ಹುಲಿ ಸೊನ್ನೆ. ಉಳಿದವು ಸೊನ್ನೆ. ನಿಂತವಳು ತಾರಾಬಾಯಿ.

ಅರಿಹಂತ ಇಲ್ಲ.

ನಿನ್ನ
ತಾರಾಬಾಯಿ